ನಂದಿಯ ಕೊಂಬು

ಅಮೃತಾಪುರದ ಗುಡಿಯಲ್ಲಿ ರಾಮಾಯಣ ಹಿಂದುಮುಂದಾಗಿದೆ. ತಮಾಷೆಗೆ ಹೇಳ್ತಿಲ್ಲ. ತರೀಕೆರೆಯಿಂದ ಅರ್ಧ ಗಂಟೆಯೊಳಗೆ ತಲುಪಬಹುದಾದ ಈ ಅಮೃತೇಶ್ವರ ದೇವಸ್ಥಾನದ ಮುಂದೆ ದೊಡ್ಡದೊಂದು ತೆರೆದ ಮಂಟಪ, ಮಂಟಪದ ಸುತ್ತ ಒಂದು ತಗ್ಗು ಗೋಡೆ, ಗೋಡೆಯ ಹೊರಮೈಯಲ್ಲಿ 140 ಕೆತ್ತನೆಯ ಫಲಕಗಳು. ದಕ್ಷಿಣದ ಕಡೆ 70 ಫಲಕಗಳಲ್ಲಿ ರಾಮಾಯಣ. ಉತ್ತರದ ಕಡೆ 25ರಲ್ಲಿ ಕೃಷ್ಣನ ಕತೆ, ಉಳಿದ 45ರಲ್ಲಿ ಮಹಾಭಾರತ. ಹೊಯ್ಸಳರ ಗುಡಿಗಳಲ್ಲಿ ಕತೆ ಸಾಮಾನ್ಯವಾಗಿ ನಾವು ಪ್ರದಕ್ಷಿಣೆ ಹಾಕುವ ದಿಕ್ಕಿಗೇ ಸಾಗುತ್ತದೆ. ಇಲ್ಲಿ ಕೃಷ್ಣ, ಪಾಂಡವರು ಆ ನಿಯಮ ಪಾಲಿಸಿದ್ದಾರೆ. ರಾಮ ಮಾತ್ರ ಅಪ್ರದಕ್ಷಿಣೆ ಹೊರಟಿದ್ದಾನೆ. ನೀವು ಭಕ್ತಿಯಿಂದ ಎಡದಿಂದ ಬಲಕ್ಕೆ ಸುತ್ತು ಹಾಕುತ್ತಾ ನೋಡಿದರೆ ಮೊದಲು ಯುದ್ಧ, ಆಮೇಲೆ ಕಾಡು, ಕೊನೆಗೆ ಮದುವೆ.

ಯಾಕೆ ಹೀಗೆ? ನಕ್ಷೆ ಬರೆದು ನೋಡಿದರೆ ಒಂದು ಸಂಗತಿ ಗೊತ್ತಾಗುತ್ತೆ. ದಕ್ಷಿಣದ ಗೋಡೆಯಲ್ಲಿ ಅಪ್ರದಕ್ಷಿಣೆ, ಉತ್ತರದ ಗೋಡೆಯಲ್ಲಿ ಪ್ರದಕ್ಷಿಣೆ ಅಂದರೆ ಎರಡೂ ಕಡೆಯ ಕತೆಗಳು ಪಶ್ಚಿಮದಿಂದ ಪೂರ್ವಕ್ಕೆ ಜೋಡಿ ಎತ್ತಿನ ಹಾಗೆ ಒಟ್ಟಿಗೆ ನಡೆಯುತ್ತವೆ. ಮಾಡಿದವನ ಮನಸ್ಸಲ್ಲಿ ಇದೇ ಇತ್ತು ಅಂತ ನಾನು ಪ್ರಮಾಣ ಮಾಡಲಾರೆ. ಆದರೆ ನನಗೆ ಇದು ಇಷ್ಟ.

ನಮ್ಮಜ್ಜಿಗೆ ನಕ್ಷೆ ಬೇಕಾಗಲಿಲ್ಲ. ಒಂದು ಕಾರ್ತಿಕ ಸೋಮವಾರ ಅವಳ ಜೊತೆ ಹೋಗಿದ್ದೆ. ನಾಲ್ಕು ಫಲಕ ನೋಡಿ ನಿಂತಳು, ಇನ್ನೆರಡು ನೋಡಿದಳು, ಆಮೇಲೆ ನನ್ನ ಕೈ ಹಿಡಿದು ವಾಪಸ್ ತಿರುಗಿಸಿದಳು. "ಇದನ್ನ ಆ ತುದಿಯಿಂದ ಓದ್ಕಂಡು ಬರ್ಬೇಕು ಕಣೇ" ಅಂದಳು. ಅಜ್ಜಿಗೆ ಸಹಿ ಹಾಕೋಕೂ ಬರ್ತಿರಲಿಲ್ಲ, ಹೆಬ್ಬೆಟ್ಟು. ಆದರೆ ಅವಳು ಬಳಸಿದ ಪದ 'ನೋಡು' ಅಲ್ಲ, 'ಓದು'. ಬಿಲ್ಲು ಹಿಡಿದವನು ರಾಮ, ಬಾಲ ಇರೋರೆಲ್ಲ ಕಪಿಸೇನೆ, ತಲೆ ಜಾಸ್ತಿ ಇದ್ದವನು ರಾವಣ. ಕತೆ ಮೊದಲೇ ಗೊತ್ತಿದ್ದವಳಿಗೆ ಗೋಡೆ ಬರೀ ನೆನಪು ಮಾಡಿಕೊಟ್ಟರೆ ಸಾಕಿತ್ತು.

ಗುಡಿ ಕಟ್ಟಿದ್ದು 1196ರಲ್ಲಿ. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ಕಟ್ಟಿಸಿದ. ಊರಿಗೂ ದೇವರಿಗೂ ಅವನದೇ ಹೆಸರು. ಅಲ್ಲಿರುವ ಶಾಸನದ ಪದ್ಯ ಬರೆದವನು ಜನ್ನ. ಹೌದು, ಪಿಯುಸಿಯಲ್ಲಿ ನಿಮ್ಮನ್ನು ಕಾಡಿದ ಅದೇ 'ಯಶೋಧರ ಚರಿತೆ'ಯ ಜನ್ನ. ಒಳಗಿನ ಗುಮ್ಮಟದಂಥ ಭುವನೇಶ್ವರಿಗಳನ್ನು ಕೆತ್ತಿ ಕಸುಬು ಶುರು ಮಾಡಿದವನು ರೂವಾರಿ ಮಲ್ಲಿತಮ್ಮ ಅನ್ನುತ್ತಾರೆ. ಮುಂದೆ 1246ರ ನುಗ್ಗೇಹಳ್ಳಿಯಲ್ಲೂ 1258ರ ಸೋಮನಾಥಪುರದಲ್ಲೂ ಅವನ ಹೆಸರಿದೆ. ಅರವತ್ತು ವರ್ಷಕ್ಕೂ ಮಿಕ್ಕಿದ ಅನುಭವ, ಅದೂ ಒಂದೇ ಡೊಮೇನಿನಲ್ಲಿ! ಎರಡು ವರ್ಷಕ್ಕೊಮ್ಮೆ ರೆಸ್ಯೂಮೆ ತಿದ್ದುವ ನಮ್ಮಂಥವರು ಒಂದು ನಮಸ್ಕಾರ ಹಾಕಬಹುದು.

2023ರಲ್ಲಿ ಯುನೆಸ್ಕೋ ಪಟ್ಟಿಗೆ ಬೇಲೂರು, ಹಳೇಬೀಡು, ಸೋಮನಾಥಪುರ ಸೇರಿದವು. ಅಮೃತಾಪುರ ಸೇರಲಿಲ್ಲ. ನಮ್ಮ ಕಡೆಯವರಿಗೆ ಬೇಜಾರಾಯ್ತು. ನನಗೆ ಒಳಗೊಳಗೇ ಸಮಾಧಾನ. ಭಾನುವಾರವೂ ಅಲ್ಲಿ ಕಂಬಕ್ಕೊರಗಿ ಒಬ್ಬಳೇ ಕೂರಬಹುದು.

ಇಷ್ಟೆಲ್ಲ ಹೇಳೋಕೆ ಕಾರಣ ಅಮೃತಾಪುರ ಅಲ್ಲ. ಅಲ್ಲಿಂದ ಸ್ವಲ್ಪ ದೂರ, ಅಜ್ಜಂಪುರದ ಕಡೆಗಿರುವ ನಮ್ಮೂರ ಸಣ್ಣ ಗುಡಿ. ಆದರೆ ಆ ಗುಡಿಗೆ ಬರುವ ಮೊದಲು ಮೆಕ್ಸಿಕೋಗೆ ಹೋಗಿ ಬರಬೇಕು. ನಾನು ಹೋಗಿಲ್ಲ. ನಮ್ಮ ಪ್ರಾಜೆಕ್ಟಿನ ಅರ್ಧ ಟೀಮು ಗ್ವಾದಲಾಹಾರಾದಲ್ಲಿದೆ. ನಮಗೆ ರಾತ್ರಿ ಊಟದ ಹೊತ್ತು ಅವರಿಗೆ ಬೆಳಗಿನ ಕಾಫಿ. ಕಾಲ್ ಶುರುವಾಗೋ ಮೊದಲಿನ ಐದು ನಿಮಿಷದಲ್ಲಿ ಊರು-ಕೇರಿ ಮಾತಾಡ್ತೀವಿ. ಒಂದು ದಿನ ಅಲ್ಲಿನ ಸಹೋದ್ಯೋಗಿಯೊಬ್ಬಳು ರಜೆಯಲ್ಲಿ ಹೋಗಿದ್ದ ಮಾಲಿನಾಲ್ಕೋ ಅನ್ನೋ ಊರಿನ ಫೋಟೋ ಕಳಿಸಿದಳು. ಹಳೇ ಕ್ರೈಸ್ತ ಮಠ. ಮಧ್ಯೆ ತೊಟ್ಟಿಮನೆಯ ಹಾಗೆ ಅಂಗಳ, ಸುತ್ತ ಪಡಸಾಲೆ. ಪಡಸಾಲೆಯ ಗೋಡೆ ತುಂಬ ಬಿಳಿ-ಕಪ್ಪಿನಲ್ಲಿ ಬಳ್ಳಿ, ಹೂವು, ಹಕ್ಕಿ, ಮಂಗ. ಅಲ್ಲಲ್ಲಿ ಒಂಚೂರು ಹಸಿರು-ನೀಲಿ. ದೇವರೇ ಕಾಣಿಸಲ್ಲ, ಬರೀ ತೋಟ.

ಆಮೇಲೆ ನಾನು ಸುಮಾರು ಓದಿಕೊಂಡೆ. 1521ರಲ್ಲಿ ಸ್ಪೇನಿನವರು ಅಜ್ಟೆಕರ ರಾಜಧಾನಿಯನ್ನು ಗೆದ್ದರು. 1524ರಲ್ಲಿ ಹನ್ನೆರಡು ಜನ ಫ್ರಾನ್ಸಿಸ್ಕನ್ ಸನ್ಯಾಸಿಗಳು ಬಂದಿಳಿದರು, 1526ರಲ್ಲಿ ಡೊಮಿನಿಕನ್ನರು, 1533ರಲ್ಲಿ ಆಗಸ್ಟೀನಿಯನ್ನರು. ಹಳೇ ಗುಡಿಗಳನ್ನು ಕೆಡವಿದರು, ಎಷ್ಟೋ ಕಡೆ ಅದೇ ಕಲ್ಲಿನಿಂದ ಹೊಸ ಮಠ ಎಬ್ಬಿಸಿದರು. ಜನರ ಭಾಷೆ ಇವರಿಗೆ ಬರಲ್ಲ, ಇವರ ಭಾಷೆ ಜನರಿಗೆ ಬರಲ್ಲ. ಹಾಗಾಗಿ ಗೋಡೆಯೇ ಪಾಠದ ಹಲಗೆ. 1579ರಲ್ಲಿ ಡಿಯಾಗೋ ವಲಾದೇಸ್ ಅನ್ನುವ ಸನ್ಯಾಸಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ಚಿತ್ರವಿದೆ. ಉಪದೇಶಿಯೊಬ್ಬ ಕೋಲು ಹಿಡಿದು ಗೋಡೆಯ ಚಿತ್ರಗಳನ್ನು ತೋರಿಸುತ್ತಿದ್ದಾನೆ, ಕೆಳಗೆ ಜನ ಕೂತು ಕೇಳುತ್ತಿದ್ದಾರೆ. ಥೇಟ್ ನಮ್ಮ ಪ್ರೈಮರಿ ಶಾಲೆಯ ಚಾರ್ಟು, ನಮ್ಮ ಮೇಷ್ಟ್ರ ಕೋಲು.

ಹೇಳಿಸಿದವರು ಸನ್ಯಾಸಿಗಳು. ಬರೆದ ಕೈ ಮಾತ್ರ ಸ್ಥಳೀಯರದು. ಅಲ್ಲಿನ ನಹುವಾ ಭಾಷೆಯಲ್ಲಿ ಚಿತ್ರ ಬರೆಯುವವನಿಗೆ 'ತ್ಲಾಕ್ವಿಲೋ' ಅಂತಾರೆ. ಅಕ್ಷರ ಬರೆಯುವವನಿಗೂ ಅದೇ ಪದ. ಯುರೋಪಿನಿಂದ ಬಂದ ಪುಸ್ತಕಗಳ ಅಚ್ಚಿನ ಚಿತ್ರಗಳನ್ನು ಇವರ ಮುಂದಿಟ್ಟು ಹೀಗೆ ಬರೀರಿ ಅಂದರು. ಬರೆದರು. ಆದರೆ ಕೈ ಸುಮ್ಮನಿರಬೇಕಲ್ಲ? ಮಾಲಿನಾಲ್ಕೋದಲ್ಲಿ ಬೈಬಲ್ಲಿನ ಸ್ವರ್ಗದ ತೋಟ ಬರೀರಿ ಅಂದರೆ ತಮ್ಮ ಬೆಟ್ಟದ ಗಿಡಮೂಲಿಕೆ, ತಮ್ಮ ಹಕ್ಕಿಗಳನ್ನು ಬರೆದಿಟ್ಟರು. ಇಸ್ಮಿಕಿಲ್ಪಾನ್ ಅನ್ನೋ ಊರಿನ ಚರ್ಚಿನ ಗೋಡೆಯಲ್ಲಿ ದೊಡ್ಡ ಯುದ್ಧವೇ ನಡೆಯುತ್ತಿದೆ. ಅಲ್ಲಿ ಹೋರಾಡುತ್ತಿರುವವರು ಚಿರತೆಯಂಥ ಜಾಗ್ವಾರ್ ಮತ್ತು ತೋಳದಂಥ ಕಯೋಟೆಯ ವೇಷ ತೊಟ್ಟ ಸ್ಥಳೀಯ ಯೋಧರು, ಕೈಯಲ್ಲಿ ಕರೀ ಗಾಜುಕಲ್ಲಿನ ಅಲಗು ಕೂರಿಸಿದ ಗದೆ. ಚರ್ಚಿನೊಳಗೆ! ಪಾದ್ರಿಗಳು ಅದನ್ನು ಒಳಿತು-ಕೆಡುಕಿನ ಯುದ್ಧ ಅಂತ ಒಪ್ಪಿಕೊಂಡಿರಬೇಕು. ಬರೆದವರಿಗೆ ಅದು ಇನ್ನೂ ಏನೇನಾಗಿತ್ತೋ.

ಒಬ್ಬನ ಹೆಸರು ಉಳಿದಿದೆ, ಹುವಾನ್ ಹೆರ್ಸೋನ್. 1562ರಲ್ಲಿ ತೆಕಮಚಾಲ್ಕೋ ಊರಿನ ಮಠದ ಚರ್ಚಿನಲ್ಲಿ, ಮರದ ತೊಗಟೆಯಿಂದ ಮಾಡುವ ಅಮಾತೆ ಕಾಗದದ ಮೇಲೆ ಚಿತ್ರ ಬರೆದು ಚಾವಣಿಗೆ ಅಂಟಿಸಿದ. ಹೆಸರು ನೋಡಿ, ಕೆಲಸದ ಅಚ್ಚುಕಟ್ಟು ನೋಡಿ, ಬಹಳ ಕಾಲ ಇವನನ್ನು ಯುರೋಪಿನವನು ಅಂದುಕೊಂಡಿದ್ದರು. ಇಪ್ಪತ್ತನೇ ಶತಮಾನದಲ್ಲಿ ದಾಖಲೆ ನೋಡಿದಾಗ ಅಲ್ಲಿನ ಮಣ್ಣಿನವನೇ ಅಂತ ತಿಳಿಯಿತು. ಚೆನ್ನಾಗಿದೆ ಅಂದಕೂಡಲೇ ಹೊರಗಿನವನೇ ಮಾಡಿರಬೇಕು ಅನ್ನೋ ಲೆಕ್ಕ ನಮಗೂ ಹೊಸದಲ್ಲ.

ಈಗ ನಮ್ಮೂರು. ಗುಡಿ ಹೊಯ್ಸಳರದ್ದಲ್ಲ, ಯಾವ ರಾಜರದ್ದೂ ಅಲ್ಲ. ಮಣ್ಣು-ಕಲ್ಲಿನ ದಪ್ಪ ಗೋಡೆ, ಮೇಲೆ ಸುಣ್ಣದ ಗಾರೆ, ಹೆಂಚಿನ ಮಾಡು. ಒಳಗೆ ಲಿಂಗ. ಮುಂದಿನ ಅಂಕಣದ ಎಡಗೋಡೆಯ ಮೇಲೆ ಆಳೆತ್ತರದ ಒಂದು ಚಿತ್ರ. ನಂದಿಯ ಮೇಲೆ ಶಿವ-ಪಾರ್ವತಿ. ಕೆಮ್ಮಣ್ಣಿನ ಕೆಂಪು, ಮಸಿಯ ಕಪ್ಪು, ಮಾಸಿದ ನೀಲಿ, ಅಷ್ಟೇ ಬಣ್ಣ. ಯಾರು ಬರೆದರು, ಯಾವಾಗ ಅಂತ ಊರಲ್ಲಿ ಕೇಳಿದರೆ "ನಮ್ಮಜ್ಜನ ಕಾಲಕ್ಕೇ ಇತ್ತು" ಅಂತಾರೆ. ಶಿವ ಪರವಾಗಿಲ್ಲ. ಪಾರ್ವತಿಯ ಮೂಗು ಸ್ವಲ್ಪ ಅತ್ತಿತ್ತ. ಆದರೆ ನಂದಿ!

ಗುಡಿಯ ಮುಂದಿನ ಕಲ್ಲಿನ ಬಸವಣ್ಣನ್ನ ನೋಡಿದ್ದೀರಲ್ಲ, ಗಿಡ್ಡ ಕೊಂಬು, ದುಂಡು ಮೈ, ಸಾಧು ಮುಖ. ನಮ್ಮ ಗೋಡೆಯ ನಂದಿ ಹಾಗಿಲ್ಲ. ತೆಳ್ಳನೆಯ ಉದ್ದ ಮುಖ, ಒಣಕಲು ಗಟ್ಟಿ ಕಾಲು. ಬುಡದಲ್ಲಿ ಒತ್ತೊತ್ತಾಗಿ ಹುಟ್ಟಿ ಹಿಂದಕ್ಕೆ ಬಾಗಿ ಮೇಲೇರಿ ತುದಿಯಲ್ಲಿ ಈಟಿಯಾಗುವ ಮಾರುದ್ದದ ಕೊಂಬು. ಅಜ್ಜಂಪುರದ ಕಡೆಯವರು ಯಾರನ್ನೇ ಕೇಳಿ, ಒಂದು ಸೆಕೆಂಡಿನಲ್ಲಿ ಹೇಳ್ತಾರೆ: ಅದು ಅಮೃತ ಮಹಲ್ ಹೋರಿ.

ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ' ಅಂತ ಇದ್ದದ್ದಕ್ಕೆ ಟಿಪ್ಪು ಇಟ್ಟ ಹೆಸರು ಅಮೃತ ಮಹಲ್. ಹೆಸರಲ್ಲಿ ಬೆಣ್ಣೆ, ಅಮೃತ ಇದ್ದರೂ ಈ ತಳಿಯ ಖ್ಯಾತಿ ಹಾಲಿಗಲ್ಲ, ಓಟಕ್ಕೆ. ತೋಪು, ಮದ್ದುಗುಂಡು, ಸೈನ್ಯದ ಸಾಮಾನು ಎಳೆದ ದನಗಳು. ಅವುಗಳ ಮೇವಿಗೇ ಅಂತ ಬಿಟ್ಟ ಹುಲ್ಲುಗಾವಲುಗಳೇ ನಮ್ಮ ಕಡೆಯ ಕಾವಲುಗಳು. ಅಜ್ಜಂಪುರದಲ್ಲಿ ಇವತ್ತಿಗೂ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಹೆಸರಿಲ್ಲದ ಆ ಚಿತ್ರಗಾರನಿಗೆ ಶಿವನ ವಾಹನ ಬರಿ ಅಂದಿರಬೇಕು. ಅವನು ದಿನಾ ಕಾವಲಿನಲ್ಲಿ ನೋಡುತ್ತಿದ್ದ ಅತಿ ಚಂದದ, ಸ್ವಲ್ಪ ಭಯವೂ ಆಗುವ ಪ್ರಾಣಿಯನ್ನೇ ಬರೆದ. ಮಾಲಿನಾಲ್ಕೋದ ತೋಟ ನೋಡಿದ ಕೂಡಲೇ ನನಗೆ ನೆನಪಾಗಿದ್ದು ಈ ಕೊಂಬು. ಫೋಟೋ ಹುಡುಕಿ ಗ್ವಾದಲಾಹಾರಾಕ್ಕೆ ಕಳಿಸಿದೆ. "ನಿಮ್ಮ ದೇವರು ಇದರ ಮೇಲೆ ಕೂರೋದಾ? ಧೈರ್ಯವಂತ" ಅಂತ ಉತ್ತರ ಬಂತು.

ಅದಾಗಿ ಕೆಲವೇ ವಾರದಲ್ಲಿ ಊರಿನ ವಾಟ್ಸಾಪ್ ಗುಂಪಿನಲ್ಲಿ ಜೀರ್ಣೋದ್ಧಾರದ ಮೆಸೇಜು. ನೆಲಕ್ಕೆ ಗ್ರಾನೈಟು, ಗೋಡೆಗೆ ಆರಡಿ ತನಕ ಟೈಲ್ಸು, ಅದರ ಮೇಲೆ ಆಯಿಲ್ ಪೇಂಟು, ಬಾಗಿಲಿಗೆ ಸ್ಟೀಲ್ ಗ್ರಿಲ್ಲು. ಜೊತೆಗೆ ಮಾದರಿಗೆ ಅಂತ ಪಕ್ಕದೂರಿನ ಗುಡಿಯ ಫೋಟೋ. ಮೋದಕ, ಕಳಶದ ಚಿತ್ರವಿರುವ ಹೊಳೆಯುವ ಟೈಲ್ಸು, ಥಟ್ಟನೆ ನೋಡಿದರೆ ಸ್ವೀಟ್ ಸ್ಟಾಲು. ಬೆಂಗಳೂರಲ್ಲಿರುವ ಮಕ್ಕಳು ತಲಾ ಹತ್ತು ಸಾವಿರ ಕೊಡಬೇಕು. ಕೆಳಗೆ ಸಾಲಾಗಿ ಕೈಮುಗಿದ ಇಮೋಜಿಗಳು.

ಇಲ್ಲೊಂದು ಕಾನೂನಿನ ಮಾತು ಹೇಳಬೇಕು. ಅಮೃತಾಪುರದ ಗುಡಿಗೆ ಕೇಂದ್ರ ಪುರಾತತ್ವ ಇಲಾಖೆಯ ನೀಲಿ ಬೋರ್ಡಿದೆ. ಅಲ್ಲಿ ಒಂದು ಮೊಳೆ ಹೊಡೆಯೋದೂ ತಪ್ಪು. ಸುತ್ತ ನೂರು ಮೀಟರಿನೊಳಗೆ ಹೊಸ ಕಟ್ಟಡ ಏಳುವಂತಿಲ್ಲ. ನಮ್ಮೂರ ಗುಡಿಯಂಥವಕ್ಕೆ ಬೋರ್ಡಿಲ್ಲ. ನೂರು ವರ್ಷ ಆಗಿದ್ದರೂ ಯಾರೋ ಅಧಿಸೂಚನೆ ಹೊರಡಿಸುವವರೆಗೆ ಕಾನೂನಿನ ಕಣ್ಣಿಗೆ ಅದೊಂದು ಹಳೇ ಗೋಡೆ. ತುಮಕೂರು-ಶಿರಾ ರಸ್ತೆಯ ಸೀಬಿ ನರಸಿಂಹ ದೇವಸ್ಥಾನದ ಚಾವಣಿ ಚಿತ್ರಗಳನ್ನು ನೋಡೋಕೆ ಬೆಂಗಳೂರಿನಿಂದ ಕಾರು ಮಾಡಿಕೊಂಡು ಹೋಗ್ತೀವಿ. ಮಂಗಳೂರಿನ ಅಲೋಶಿಯಸ್ ಕಾಲೇಜಿನ ಚಾಪೆಲ್ಲಿಗೆ ಹೋಗಿ ಇಟಲಿಯಿಂದ ಬಂದ ಜೆಸ್ವಿಟ್ ಆಂಟೋನಿಯೋ ಮೊಸ್ಕೇನಿ ಬರೆದದ್ದನ್ನು ಕತ್ತೆತ್ತಿ ನೋಡಿ ಬರ್ತೀವಿ. ನಮ್ಮೂರ ಎಡಗೋಡೆಯ ಹೋರಿಯನ್ನು ನೋಡೋಕೆ ಯಾರು ಬರ್ತಾರೆ?

ದೊಡ್ಡಪ್ಪನಿಗೆ ಫೋನ್ ಮಾಡಿದೆ. ಸಮಿತಿಯಲ್ಲಿ ಅವರದೇ ಮಾತು ನಡೆಯೋದು. ಗೋಡೆಯ ಚಿತ್ರ ಉಳಿಸಿ ದೊಡ್ಡಪ್ಪ, ಮೆಕ್ಸಿಕೋದಲ್ಲಿ ಹೀಗೀಗಿದೆ ಅಂತ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ಏನವ್ವ, ನೀನು ಅಲ್ಲಿ ಕುಂತ್ಕಂಡು ಫೋಟೋದಾಗೆ ನೋಡ್ತೀಯ. ಇಲ್ಲಿ ಮಳೆಗಾಲ ಬಂದ್ರೆ ಗಾರೆ ಉದುರಿ ಪ್ರಸಾದದ ತಟ್ಟೆಗೆ ಬೀಳ್ತೈತೆ. ನಿಮ್ಮ ದೊಡ್ಡಮ್ಮ ಗುಡಿ ನೆಲ ಸಾರಿಸಿ ಸಾರಿಸಿ ಮಂಡಿ ಹೋಗೈತೆ. ಅವಳಿಗೆ ಹೇಳು ಟೈಲ್ಸ್ ಬ್ಯಾಡ ಅಂತ."

ದೊಡ್ಡಮ್ಮನಿಗೆ ಹೇಗೆ ಹೇಳಲಿ? ನಾವು ಬೆಂಗಳೂರಿನ ಫ್ಲಾಟಿನಲ್ಲಿ ಕಲೆ ನಿಲ್ಲದ ಟೈಲ್ಸೇ ಬೇಕು ಅಂತ ಅಂಗಡಿ ಅಂಗಡಿ ಸುತ್ತಿದವರು. ಊರಿನ ಗುಡಿ ಮಾತ್ರ ನಮ್ಮ ಇನ್‌ಸ್ಟಾಗ್ರಾಮಿಗೆ ಒಪ್ಪುವ ಹಾಗೆ ಹಳೇದಾಗಿ, ಮಸುಕಾಗಿ, ಸೋರುತ್ತಾ ಇರಬೇಕು. ಅದು ಪೂಜೆ ನಡೆಯುವ ಜಾಗ. ಅಲ್ಲಿ ಎಣ್ಣೆ ಚೆಲ್ಲುತ್ತೆ, ಹಣ್ಣುಕಾಯಿ ನೀರು ಸಿಡಿಯುತ್ತೆ, ಕರ್ಪೂರದ ಮಸಿ ಹತ್ತುತ್ತೆ. ಅವರ ಕಷ್ಟ ನಿಜ. ಆದರೆ ಟೈಲ್ಸು ಹಾಕಬೇಕಾದರೆ ಹಳೇ ಗಾರೆಗೆ ಉಳಿಯಿಂದ ಕಚ್ಚು ಹಾಕಬೇಕು, ಇಲ್ಲದಿದ್ದರೆ ಹಿಡಿಯಲ್ಲ. ಕಚ್ಚು ಬಿದ್ದ ಮೇಲೆ ಹೋರಿ ಹೋಯ್ತು, ಆಮೇಲೆ ಯಾವ ಕಾಲಕ್ಕೂ ಸಿಗಲ್ಲ. ಆಯಿಲ್ ಪೇಂಟಿನದು ಇನ್ನೊಂದು ರಗಳೆ. ಸುಣ್ಣದ ಗೋಡೆ ನೀರು ಕುಡಿದು ಬಿಸಿಲಿಗೆ ಬಿಡುತ್ತೆ. ಪೇಂಟು ಅದರ ಬಾಯಿ ಮುಚ್ಚುತ್ತೆ. ಒಳಗಿನ ತೇವ ಹೊರಬರೋಕೆ ದಾರಿಯಿಲ್ಲದೆ ಪದರ ಪದರವಾಗಿ ಗಾರೆ ಸಮೇತ ಕಿತ್ತು ಬರುತ್ತೆ.

ಹಾಗಾದರೆ ಏನು ಮಾಡೋದು? ಉತ್ತರ ಮಾಲಿನಾಲ್ಕೋದಲ್ಲೇ ಇತ್ತು. ಆ ಪಡಸಾಲೆಯ ತೋಟ ನೂರಾರು ವರ್ಷ ಜನರ ಕಣ್ಣೆದುರು ಇರಲಿಲ್ಲ. ಯಾವಾಗಲೋ ಅದರ ಮೇಲೆ ಸುಣ್ಣ ಬಳಿದುಬಿಟ್ಟಿದ್ದರು. 1970ರ ದಶಕದಲ್ಲಿ ಸುಣ್ಣ ಕೆರೆದಾಗ ಒಳಗಿನ ಹಕ್ಕಿ, ಮಂಗ ಎಲ್ಲ ಹೊರಬಂದವು. ಇಸ್ಮಿಕಿಲ್ಪಾನಿನ ಯೋಧರೂ ಹಾಗೇ ಸುಣ್ಣದಡಿ ಮಲಗಿದ್ದವರು. ಮುಚ್ಚಿದವರು ಉಳಿಸಬೇಕು ಅಂತೇನೂ ಮುಚ್ಚಿರಲಿಕ್ಕಿಲ್ಲ, ಆದರೂ ಉಳಿಯಿತು. ಸುಣ್ಣ ಅಂದರೆ ಅಷ್ಟೇ ತಾನೆ, ಗಾಳಿ ಕುಡಿದು ಮತ್ತೆ ಕಲ್ಲಾಗುವ ತೆಳ್ಳನೆಯ ಪದರ. ತಾಳ್ಮೆ ಇದ್ದವರು ಮುಂದೊಂದು ದಿನ ಬಿಡಿಸಬಹುದು.

ಶನಿವಾರ ಬೆಳಿಗ್ಗೆ ಹುಬ್ಬಳ್ಳಿ ಕಡೆಯ ರೈಲು ಹತ್ತಿ ಊರಿಗೆ ಹೋದೆ. ಗುಡಿ ಕಟ್ಟೆಯ ಮೇಲೆ ಸಮಿತಿ ಕೂತಿತ್ತು. ನಾನು ಕೆಳಗೆ ದೊಡ್ಡಮ್ಮನ ಪಕ್ಕ. ನೆಲಕ್ಕೆ ಗ್ರಾನೈಟು ಹಾಕಿ, ಉಳಿದ ಮೂರು ಗೋಡೆಗೆ ನಿಮ್ಮಿಷ್ಟ, ಎಡಗೋಡೆಗೆ ಮಾತ್ರ ಸುಣ್ಣ ಬಳಿಸಿ, ಅದರ ಖರ್ಚು ನಂದು ಅಂದೆ. ದೇವರ ಚಿತ್ರದ ಮೇಲೆ ಸುಣ್ಣ ಬಳಿಯೋದಾ ಅಂತ ಒಬ್ಬರು. ಟೈಲ್ಸ್ ಬಡಿಯೋಕೆ ಹೊರಟಿದ್ದವರು ನೀವೇ ಅಲ್ವಾ ಅನ್ನೋ ಮಾತು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಹುಡುಗರು ಕೆಲವರು ಅರ್ಧ ಟೈಲ್ಸು ಅರ್ಧ ಸುಣ್ಣ ನೋಡೋಕೆ ಚೆಂದ ಕಾಣಲ್ಲ ಅಂದರು. ಅದೂ ನಿಜವೇ.

ಕೊನೆಗೆ ತೀರ್ಮಾನ ಮಾಡಿದ್ದು ನಾನೂ ಅಲ್ಲ, ಮೆಕ್ಸಿಕೋನೂ ಅಲ್ಲ. ಬೀರೂರಿನ ಕಡೆಯಿಂದ ಬಂದಿದ್ದ ಮೇಸ್ತ್ರಿ ಗೋಡೆಗೆ ಬೆರಳಿನ ಗೆಣ್ಣಿನಿಂದ ಅಲ್ಲಲ್ಲಿ ಕುಟ್ಟಿ, ಕಿವಿಯಿಟ್ಟು ಕೇಳಿ ಹೇಳಿದರು: "ಇದು ಮಣ್ಣಿನ ಗೋಡೆ ಸ್ವಾಮಿ. ಕಚ್ಚು ಹಾಕಿದ್ರೆ ಗಾರೆ ಅಲ್ಲ, ಗೋಡೇನೇ ಬರ್ತೈತೆ. ಮೂರು ಗೋಡೆಗೂ ಅಷ್ಟೇ. ಸುಣ್ಣಾನೇ ಸರಿ." ದುಡ್ಡು ಉಳಿಯುತ್ತೆ ಅನ್ನೋದು ಗೊತ್ತಾದ ಮೇಲೆ ಚರ್ಚೆ ಬೇಗ ಮುಗೀತು. ನೆಲಕ್ಕೆ ಗ್ರಾನೈಟು ಬಂತು. ದೊಡ್ಡಮ್ಮ ಈಗ ನಿಂತುಕೊಂಡೇ ಒರೆಸ್ತಾರೆ, ಉದ್ದ ಹಿಡಿಯ ಮಾಪು ತರಿಸಿಕೊಂಡಿದ್ದಾರೆ.

ಸುಣ್ಣ ಬಳಿಯುವ ಹಿಂದಿನ ದಿನ ಮಧ್ಯಾಹ್ನ ಪೂರ್ತಿ ಗೋಡೆಯ ಮುಂದೆ ಕೂತು ಗೇಣು ಗೇಣಿನಷ್ಟೇ ಜಾಗದ ಫೋಟೋ ತೆಗೆದೆ, ಪಕ್ಕದಲ್ಲಿ ಟೇಪು ಹಿಡಿಯೋಕೆ ದೊಡ್ಡಪ್ಪನ ಮೊಮ್ಮಗ. ಹತ್ತಿರದಿಂದ ನೋಡಿದರೆ ಕೊಂಬಿನ ಗೆರೆಯನ್ನು ಅವನು ಒಂದೇ ಉಸಿರಿಗೆ ಎಳೆದಿದ್ದ. ಪಾರ್ವತಿಯ ಮೂಗನ್ನು ಮೂರು ಸಲ ತಿದ್ದಿದ್ದ. ಹುಡುಗ ಕೊಂಬಿನ ಉದ್ದ ಅಳೆದು ಪುಸ್ತಕದಲ್ಲಿ ಬರೆದುಕೊಂಡ, ಒಂದೊಂದೂ ಎರಡಡಿ ಮೂರಂಗುಲ. ಮಾರನೇ ದಿನ ಸುಣ್ಣದ ಕಲ್ಲು ನೀರಿಗೆ ಹಾಕಿ, ಕೊತಕೊತ ಕುದ್ದು ಆರಿದ ಮೇಲೆ ಸೋಸಿ, ಚೂರು ನೀಲಿ ಹಾಕಿ ಬಳಿದರು. ಮೊದಲ ಕೈಗೆ ಕೊಂಬು ಇನ್ನೂ ಕಾಣುತ್ತಿತ್ತು. ಎರಡನೇ ಕೈಗೆ ಮುಚ್ಚಿತು.

ಹೋದ ತಿಂಗಳು ಬಾಗಿಲ ಪಕ್ಕ ದಾನಿಗಳ ಕಲ್ಲು ನಿಲ್ಲಿಸಿದ್ದಾರೆ, ಕಪ್ಪು ಗ್ರಾನೈಟಿಗೆ ಬಂಗಾರದ ಅಕ್ಷರ. ಹನ್ನೊಂದನೇ ಸಾಲಿನಲ್ಲಿ ಅಪ್ಪನ ಹೆಸರಿದೆ. ಅದರ ಮುಂದೆ ಸ್ವಲ್ಪ ಸಣ್ಣಕ್ಕೆ, 'ಮತ್ತು ಮಗಳು, ಬೆಂಗಳೂರು.'